ಮುದ್ರೆಯೊಡೆಯದ ಪೊಟ್ಟಣ: ಫರ್ಮ್‌ವೇರ್ ಸಾಗಣೆಯ ಚರಿತ್ರೆ ಮತ್ತು ರಸ್ಟ್ ಭಾಷೆಯ ಹೊದಿಕೆ

ಅಹಮದಾಬಾದಿನ ಮಾಣೆಕ್ ಚೌಕದಲ್ಲಾಗಲಿ ಸೂರತ್ತಿನ ಮಹೀಧರಪುರದಲ್ಲಾಗಲಿ ಕೆಲವು ಕಾಲ ವ್ಯವಹರಿಸಿದ ಕನ್ನಡಿಗರಿಗೆ ‘ಆಂಗಡಿಯಾ’ ಎಂಬ ಶಬ್ದ ಹೊಸದಲ್ಲ. ಕೇಳಿದೊಡನೆ ‘ಅಂಗಡಿ’ಯ ನೆನಪಾಗುವುದು ಕನ್ನಡದ ಕಿವಿಗೆ ಸಹಜವಾದರೂ, ಗುಜರಾತಿನಲ್ಲಿ ಆ ಹೆಸರು ಸಲ್ಲುವುದು ಅಂಗಡಿಯಿಟ್ಟವನಿಗಲ್ಲ, ಒಬ್ಬ ವರ್ತಕನ ಹಣವನ್ನೋ ವಜ್ರದ ಪೊಟ್ಟಣವನ್ನೋ ಮತ್ತೊಂದು ಊರಿನ ವರ್ತಕನಿಗೆ ಮುಟ್ಟಿಸುವವನಿಗೆ. ಪೊಟ್ಟಣದೊಳಗೆ ಏನಿದೆಯೆಂದು ಬಿಚ್ಚಿ ನೋಡುವುದು ಅವನ ಕೆಲಸವಲ್ಲ. ಅದನ್ನು ಯಾರಿಂದ ಪಡೆದದ್ದು, ಈಗ ಅದು ಯಾರ ವಶದಲ್ಲಿದೆ, ಯಾರ ಕೈ ಸೇರಿದ ಮೇಲೆ ತನ್ನ ಹೊಣೆ ತೀರುತ್ತದೆ ಎಂಬ ಮೂರು ಸಂಗತಿಗಳಲ್ಲಿ ಮಾತ್ರ ಅವನು ತಪ್ಪುವಂತಿಲ್ಲ.

ಗಣಕಯಂತ್ರದೊಳಗೂ ಇಂಥದೇ ಒಂದು ಸಾಗಣೆ ಪ್ರತಿದಿನವೂ ನಡೆಯುತ್ತದೆ. ಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಅದರ ಒಳಗಿರುವ ಸಣ್ಣ ಸಣ್ಣ ಉಪಕರಣಗಳು, ಎಂದರೆ ಜಾಲದ ಫಲಕ, ನಿಸ್ತಂತು ಫಲಕ, ಚಿತ್ರ ತೋರಿಸುವ ಫಲಕ ಮುಂತಾದವು, ತಮ್ಮ ಕೆಲಸವನ್ನು ತಾವೇ ಅರಿತಿರುವುದಿಲ್ಲ. ಅವುಗಳಲ್ಲಿ ಅನೇಕವು ತಮ್ಮೊಳಗೇ ಒಂದೊಂದು ಚಿಕ್ಕ ಗಣಕವನ್ನು ಹೊಂದಿದ್ದು, ಆ ಗಣಕಕ್ಕೆ ಬೇಕಾದ ಆದೇಶಗಳನ್ನು ಹೊರಗಿನಿಂದ ತಂದು ತುಂಬಬೇಕಾಗುತ್ತದೆ. ಈ ಆದೇಶಸಮೂಹಕ್ಕೆ ‘ಫರ್ಮ್‌ವೇರ್’ ಎಂದು ಹೆಸರು. ಅದನ್ನು ಉಪಕರಣದ ತಯಾರಕರು ಸಿದ್ಧಪಡಿಸಿ ಕಡತವಾಗಿ ಕೊಡುತ್ತಾರೆ. ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ‘ಕರ್ನೆಲ್’ ಆ ಕಡತವನ್ನು ಬಿಚ್ಚಿ ನೋಡದೆ ಉಪಕರಣಕ್ಕೆ ಮುಟ್ಟಿಸುತ್ತದೆ. ಈ ಸಾಗಣೆಯ ಪದ್ಧತಿ ಹೇಗೆ ಬೆಳೆಯಿತು, ಲಿನಕ್ಸ್ ಕರ್ನೆಲಿನಲ್ಲಿ 2024ರಲ್ಲಿ ಅದಕ್ಕೆ ರಸ್ಟ್ ಎಂಬ ಭಾಷೆಯ ಹೊದಿಕೆಯನ್ನು ಏಕೆ ತೊಡಿಸಬೇಕಾಯಿತು, ಆ ಹೊದಿಕೆ ಯಾವುದಕ್ಕೆ ಜಾಮೀನು ನಿಲ್ಲುತ್ತದೆ, ಯಾವುದಕ್ಕೆ ನಿಲ್ಲುವುದಿಲ್ಲ ಎಂಬುದೇ ಪ್ರಕೃತ ಲೇಖನದ ವಿಷಯ. ಬ್ಯಾಂಕಿನ ಲೆಕ್ಕವೂ ರೈಲ್ವೆಯ ಮುಂಗಡ ಟಿಕೆಟ್ಟೂ ಗಣಕದ ಮೂಲಕವೇ ನಡೆಯುವ ಈ ಕಾಲದಲ್ಲಿ ಇದನ್ನು ಯಂತ್ರಶಿಲ್ಪಿಗಳ ಮನೆವಾರ್ತೆಯೆಂದು ತಳ್ಳಿಹಾಕುವಂತಿಲ್ಲ.

ಮೊದಲ ಗಣಕಗಳಲ್ಲಿಯೇ ಈ ತೊಡಕು ಕಾಣಿಸಿಕೊಂಡಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್‌ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಕಾಗದದ ಪಟ್ಟಿಯ ಮೇಲೆ ರಂಧ್ರಗಳ ರೂಪದಲ್ಲಿದ್ದ ಆದೇಶಗಳನ್ನು ಅದು ಓದಬೇಕಾಗಿತ್ತು. ಆದರೆ ಓದು ಎಂದು ಹೇಳುವುದೂ ಒಂದು ಆದೇಶವೇ ಆದ್ದರಿಂದ, ಆ ಪ್ರಥಮ ಆದೇಶ ಬರುವುದೆಲ್ಲಿಂದ? ಡೇವಿಡ್ ವ್ಹೀಲರ್ ಎಂಬ ತರುಣ ಸಂಶೋಧಕನು 31 ‘ಆರಂಭಿಕ ಆದೇಶ’ಗಳನ್ನು ರಚಿಸಿ, ಟೆಲಿಫೋನು ಕಚೇರಿಗಳಲ್ಲಿ ಬಳಸುತ್ತಿದ್ದ ಹಂತಹಂತವಾಗಿ ತಿರುಗುವ ಸ್ವಿಚ್ಚುಗಳ ತಂತಿಗಳಲ್ಲಿ ಅವನ್ನು ಶಾಶ್ವತವಾಗಿ ನೆಲೆಗೊಳಿಸಿದನು. ಗುಂಡಿಯನ್ನೊತ್ತಿದರೆ ಆ ಮೂವತ್ತೊಂದು ಆದೇಶಗಳು ಸ್ಮೃತಿಕೋಶಕ್ಕೆ ಇಳಿಯುತ್ತಿದ್ದುವು; ಮಿಕ್ಕದ್ದನ್ನು ಅವು ಓದಿಕೊಳ್ಳುತ್ತಿದ್ದುವು. ಅದೇ ಪ್ರಯೋಗಶಾಲೆಯ ಮುಖ್ಯಸ್ಥ ಮಾರಿಸ್ ವಿಲ್ಕ್ಸ್ 1951ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯಂತ್ರದ ಒಂದೊಂದು ಆದೇಶವನ್ನೂ ಮತ್ತಷ್ಟು ಸೂಕ್ಷ್ಮವಾದ ಆದೇಶಗಳಿಂದ ಕಟ್ಟಬಹುದೆಂಬ ‘ಮೈಕ್ರೋಪ್ರೋಗ್ರಾಮಿಂಗ್’ ತತ್ತ್ವವನ್ನು ಮಂಡಿಸಿದನು. ಈ ಸೂಕ್ಷ್ಮಾದೇಶಗಳು ಯಂತ್ರಾಂಶದಷ್ಟು ಗಡುಸೂ ಅಲ್ಲ, ತಂತ್ರಾಂಶದಷ್ಟು ಮೃದುವೂ ಅಲ್ಲ. ಈ ನಡುವಣ ಸ್ಥಿತಿಗೆ ಆಶರ್ ಆಪ್ಲರ್ 1967ರಲ್ಲಿ ‘ಡೇಟಮೇಷನ್’ ಪತ್ರಿಕೆಯ ಲೇಖನವೊಂದರಲ್ಲಿ ‘ಫರ್ಮ್‌ವೇರ್’ ಎಂದು ನಾಮಕರಣ ಮಾಡಿದನು.

ಇಲ್ಲಿ ಒಂದು ಸ್ವಾರಸ್ಯವುಂಟು. ಹಳೆಯ ತಲೆಮಾರಿನ ಬ್ಯಾಂಕ್ ನೌಕರರು ದಿನದ ಲೆಕ್ಕವನ್ನು ಫ್ಲಾಪಿ ತಟ್ಟೆಗಳಲ್ಲಿ ತುಂಬಿಕೊಂಡು ಶಾಖೆಯಿಂದ ಶಾಖೆಗೆ ಒಯ್ದ ಕಾಲವನ್ನು ಬಲ್ಲರು. 1984ರ ರಂಗರಾಜನ್ ಸಮಿತಿಯ ವರದಿಯ ತರುವಾಯ ಬ್ಯಾಂಕುಗಳಲ್ಲಿ ಯಂತ್ರೀಕರಣ ಹಬ್ಬಿದ ವರ್ಷಗಳಲ್ಲಿ ಆ ತಟ್ಟೆ ಸರ್ವವ್ಯಾಪಿಯಾಗಿತ್ತು. ಅದು ಮೊದಲು ಹುಟ್ಟಿದ್ದು ಲೆಕ್ಕ ಒಯ್ಯುವುದಕ್ಕಲ್ಲ, ಫರ್ಮ್‌ವೇರನ್ನು ಒಯ್ಯುವುದಕ್ಕೆ. ಐ.ಬಿ.ಎಂ. ಸಂಸ್ಥೆ ತನ್ನ ಸಿಸ್ಟಂ 370 ಸರಣಿಯ ಯಂತ್ರಗಳಿಗೂ ಅವುಗಳ ನಿಯಂತ್ರಕಗಳಿಗೂ ಸೂಕ್ಷ್ಮಾದೇಶಗಳನ್ನು ತುಂಬುವ ಅಗ್ಗದ ಸಾಧನವೊಂದನ್ನು ಹುಡುಕಿ, 1971ರಲ್ಲಿ ಎಂಟು ಅಂಗುಲದ, ಸುಮಾರು 80 ಕಿಲೋಬೈಟ್ ಹಿಡಿಸುವ ಮೆತುವಾದ ತಟ್ಟೆಯನ್ನು ಹೊರತಂದಿತು. ಗ್ರಾಹಕನ ಬಳಿ ಅದನ್ನು ಓದಲು ಮಾತ್ರ ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಯಂತ್ರದ ದೋಷವನ್ನು ತಿದ್ದಲು ಇನ್ನು ಮೇಲೆ ತಂತಿ ಬದಲಾಯಿಸಬೇಕಾಗಿರಲಿಲ್ಲ. ತಟ್ಟೆಯನ್ನು ಅಂಚೆಯಲ್ಲಿ ಕಳುಹಿಸಿದರೆ ಸಾಕಾಗಿತ್ತು. ಅದೇ ವರ್ಷ ಇಂಟೆಲ್ ಸಂಸ್ಥೆಯ ಡೋವ್ ಫ್ರೋಮನ್, ಅಳಿಸಿ ಮತ್ತೆ ಬರೆಯಬಹುದಾದ ಇಪ್ರಾಮ್ ಚಿಪ್ಪನ್ನು ರೂಪಿಸಿದನು. ಹೀಗೆ ಫರ್ಮ್‌ವೇರಿಗೆ ಎರಡು ದಾರಿಗಳಾದುವು: ಒಂದು, ಉಪಕರಣದೊಳಗೇ ಚಿಪ್ಪಿನಲ್ಲಿ ಕುಳಿತಿರುವುದು, ಇನ್ನೊಂದು, ಪ್ರತಿ ಸಲವೂ ಹೊರಗಿನಿಂದ ಬರುವುದು.

ಮೊದಲನೆಯ ದಾರಿ ಕನ್ನಡಕ್ಕೂ ಒಂದು ಕಾಲದಲ್ಲಿ ಉಪಕಾರ ಮಾಡಿದೆ. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಫಲಕವನ್ನು ಗಣಕದೊಳಗೆ ಕೂಡಿಸಿದರೆ, ಇಂಗ್ಲಿಷಿಗೆಂದೇ ರಚಿತವಾದ ತಂತ್ರಾಂಶಗಳೂ ಭಾರತೀಯ ಲಿಪಿಗಳನ್ನು ತೆರೆಯ ಮೇಲೆ ತೋರಿಸುತ್ತಿದ್ದುವು. ಒತ್ತಕ್ಷರ ಕಾಗುಣಿತಗಳ ಕಷ್ಟವನ್ನು ಫಲಕವೇ ವಹಿಸಿಕೊಳ್ಳುತ್ತಿತ್ತು. ಯೂನಿಕೋಡ್ ಬಂದ ಮೇಲೆ ಆ ಫಲಕ ಮರೆಗೆ ಸರಿದರೂ, ಯಂತ್ರದ ಒಳಪದರಕ್ಕೂ ಭಾಷೆಯ ಬಾಳಿಗೂ ಇರುವ ನಂಟಿಗೆ ಅದು ಸಾಕ್ಷಿಯಾಗಿ ನಿಂತಿದೆ.

ಇನ್ನು ಎರಡನೆಯ ದಾರಿಯ ವಿಚಾರ. ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನೆಲನ್ನು ಆರಂಭಿಸಿದನಷ್ಟೆ. ಪ್ರತಿಯೊಂದು ಉಪಕರಣವನ್ನೂ ನಡೆಸುವ ಸಾಧನಚಾಲಕ, ಅಂದರೆ ‘ಡ್ರೈವರ್’, ಮೊದಮೊದಲು ತನಗೆ ಬೇಕಾದ ಫರ್ಮ್‌ವೇರನ್ನು ತನ್ನ ಮೂಲಪಾಠದಲ್ಲಿಯೇ ಅಂಕಿಗಳ ಸಾಲುಸಾಲಾಗಿ ಅಡಗಿಸಿಕೊಂಡಿರುತ್ತಿತ್ತು. ಇದರಿಂದ ಎರಡು ತೊಂದರೆಗಳಾದುವು. ಬಳಸಲಿ ಬಿಡಲಿ, ಆ ಅಂಕಿಗಳು ಸ್ಮೃತಿಕೋಶದಲ್ಲಿ ಜಾಗ ಹಿಡಿದು ಕುಳಿತಿರುತ್ತಿದ್ದುವು. ಅಲ್ಲದೆ, ಎಲ್ಲರೂ ಓದಿ ತಿದ್ದಬಹುದಾದ ಗ್ರಂಥದ ನಡುವೆ ಯಾರೂ ಓದಲಾಗದ ಪುಟಗಳನ್ನು ಹೊಲಿದಂತಾಗಿ ಹಕ್ಕಿನ ಪ್ರಶ್ನೆಯೂ ಎದ್ದಿತು. ಸ್ಪೇನಿನ ಮಾನುಯೆಲ್ ಎಸ್ತ್ರಾದಾ ಸಾಯಿಂಜ್ ಎಂಬಾತನು 2003ರಲ್ಲಿ ಇದಕ್ಕೊಂದು ಸಮಾನ ಪದ್ಧತಿಯನ್ನು ರಚಿಸಿದನು. ಚಾಲಕನು ಕಡತದ ಹೆಸರನ್ನು ಹೇಳಿ ಕೇಳಿಕೊಂಡರೆ ಕರ್ನೆಲ್ ಅದನ್ನು ತರಿಸಿ ಕೊಡುವುದು. ಕೆಲಸವಾದ ಮೇಲೆ ಚಾಲಕನು ಅದನ್ನು ಹಿಂದಿರುಗಿಸುವುದು. ಕೇಳಿಕೆಗೆ ಒಂದು ಆದೇಶ, ಬಿಡುಗಡೆಗೆ ಒಂದು ಆದೇಶ. ನಡುವೆ ಕೈಗೆ ಬರುವುದು ಕಡತದ ಉದ್ದ ಮತ್ತು ಅದು ಇರುವ ಸ್ಥಳದ ವಿಳಾಸ, ಇಷ್ಟೇ. 2004ರ ಮೇ ತಿಂಗಳಲ್ಲಿ ವೆಲೆನ್ಸಿಯಾ ನಗರದ ಸಮ್ಮೇಳನವೊಂದರಿಂದ ಹಿಂದಿರುಗುವಾಗ ಸಾಯಿಂಜ್ ರಸ್ತೆಯ ಅಪಘಾತದಲ್ಲಿ ತೀರಿಕೊಂಡನು. ಲೋಕದ ಅಸಂಖ್ಯ ಯಂತ್ರಗಳು ದಿನವೂ ಅವನ ಆ ಎರಡು ಆದೇಶಗಳನ್ನು ನಡೆಸುತ್ತಿವೆ. ಅವನ ಹೆಸರನ್ನು ಬಲ್ಲವರು ವಿರಳ.

ಅವನ ತರುವಾಯದ ಹತ್ತು ಹದಿನೈದು ವರ್ಷಗಳ ಕಥೆ ಮುಖ್ಯವಾಗಿ ಉಗ್ರಾಣದ ಕಥೆ. 2008ರಲ್ಲಿ ಡೇವಿಡ್ ವುಡ್‌ಹೌಸ್ ಫರ್ಮ್‌ವೇರ್ ಕಡತಗಳಿಗೆಂದೇ ಪ್ರತ್ಯೇಕ ಭಂಡಾರವೊಂದನ್ನು ತೆರೆದನು, 2017ರ 4.14ನೆಯ ಆವೃತ್ತಿಯ ಹೊತ್ತಿಗೆ ಕರ್ನೆಲಿನ ಮೂಲಪಾಠದಿಂದ ಅಂಥ ಕಡತಗಳೆಲ್ಲ ಹೊರಬಿದ್ದುವು. ನಡುವೆ 2012ರಲ್ಲಿ ಒಂದು ಜಗಳವೂ ಆಯಿತು. ಅಲ್ಲಿಯವರೆಗೆ ಕರ್ನೆಲ್ ಕಡತವನ್ನು ತಾನೇ ತರದೆ ಹೊರಗಿನ ಸಹಾಯಕ ತಂತ್ರಾಂಶವೊಂದಕ್ಕೆ ಹೇಳಿ ತರಿಸುತ್ತಿತ್ತು. ಆ ಸಹಾಯಕನ ನಡೆ ಬದಲಾದುದರಿಂದ ಕೆಲವು ಯಂತ್ರಗಳು ಪ್ರಾರಂಭದಲ್ಲಿಯೇ ನಿಮಿಷಗಟ್ಟಲೆ ಕಾದು ನಿಲ್ಲತೊಡಗಿದಾಗ, ಟೋರ್ವಾಲ್ಡ್ಸ್ ಸಿಟ್ಟಿಗೆದ್ದು, ಕರ್ನೆಲ್ ತಾನೇ ನೇರವಾಗಿ ಕಡತವನ್ನು ಓದಿಕೊಳ್ಳುವಂತೆ 3.7ನೆಯ ಆವೃತ್ತಿಯಲ್ಲಿ ಏರ್ಪಡಿಸಿದನು. ಮಧ್ಯವರ್ತಿ ಕೈಕೊಟ್ಟರೆ ಧಣಿಯೇ ಪೇಟೆಗೆ ಹೋದಂತೆ.

ಆದರೆ ಉಗ್ರಾಣ ಸರಿಹೋದ ಮಾತ್ರಕ್ಕೆ ವಶದ ಪ್ರಶ್ನೆ ಬಗೆಹರಿಯಲಿಲ್ಲ. ಕರ್ನೆಲ್ ರಚಿತವಾದದ್ದು 1970ರ ದಶಕದ ಆದಿಯಲ್ಲಿ ಡೆನಿಸ್ ರಿಚ್ಚಿ ರೂಪಿಸಿದ ‘ಸಿ’ ಭಾಷೆಯಲ್ಲಿ. ಸಿ ಭಾಷೆ ಬರೆಯುವವನನ್ನು ಪೂರ್ಣವಾಗಿ ನಂಬುತ್ತದೆ. ಪಡೆದ ಪೊಟ್ಟಣವನ್ನು ಹಿಂದಿರುಗಿಸಬೇಕೆಂಬ ನಿಯಮ ಕೈಪಿಡಿಯಲ್ಲಿದೆಯೇ ಹೊರತು ಭಾಷೆಯಲ್ಲಿಲ್ಲ. ಇದರಿಂದ ಆಗಬಹುದಾದ ಪ್ರಮಾದಗಳನ್ನು ಹುಂಡಿಯ ವ್ಯವಹಾರ ಬಲ್ಲ ಈ ಪ್ರಾಂತದ ವಾಚಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಹಣ ಸಂದಾಯವಾಗಿ ರದ್ದಾದ ಹುಂಡಿಗೆ ‘ಖೋಖಾ’ ಎಂದು ಹೆಸರು. ಹುಂಡಿ ಕಳೆದುಹೋದರೆ ಅದರ ಬದಲಿಗೆ ಬರೆದುಕೊಡುವ ಎರಡನೆಯ ಪತ್ರಕ್ಕೆ ‘ಪೇಠ್’, ಅದೂ ಕಳೆದರೆ ‘ಪರಪೇಠ್’. ಇಷ್ಟು ಹೆಸರುಗಳು ಹುಟ್ಟಿದ್ದೇಕೆ? ಒಂದೇ ಹಣ ಎರಡು ಬಾರಿ ಕೈಬಿಡಬಾರದು, ತೀರಿದ ಪತ್ರ ಜೀವಂತ ಪತ್ರದಂತೆ ಓಡಾಡಬಾರದು ಎಂಬುದಕ್ಕಾಗಿ. ಸಿ ಭಾಷೆಯಲ್ಲಿ ಬರೆದ ಚಾಲಕನು ಬಿಡುಗಡೆ ಮಾಡಿದ ಕಡತವನ್ನು ಮತ್ತೆ ಬಿಡುಗಡೆ ಮಾಡಿದರೆ ಅದು ಖೋಖಾ ಹುಂಡಿಗೆ ಎರಡನೆಯ ಸಲ ಹಣ ಕೊಟ್ಟಂತೆ. ಬಿಡುಗಡೆಯಾದ ಮೇಲೂ ಹಳೆಯ ವಿಳಾಸವನ್ನು ಹಿಡಿದು ಓದಿದರೆ, ಖಾಲಿ ಮಾಡಿಕೊಟ್ಟ ಮನೆಯ ಬೀಗದ ಕೈಯನ್ನು ಇಟ್ಟುಕೊಂಡು ಹೊಸ ಬಾಡಿಗೆದಾರನ ಕೋಣೆಯನ್ನು ಹೊಕ್ಕಂತೆ. ಕಡತದ ಉದ್ದವನ್ನು ಲೆಕ್ಕಿಸದೆ ಆಚೆಗೂ ಓದುವುದು ಮೂರನೆಯ ಪ್ರಮಾದ. ನಾಲ್ಕನೆಯದು, ನಡುವೆ ಏನೋ ತಪ್ಪಾಗಿ ಕೆಲಸ ಅರ್ಧಕ್ಕೆ ನಿಂತಾಗ ಬಿಡುಗಡೆಯನ್ನೇ ಮರೆಯುವುದು. ಮಾಮೂಲಿನ ದಾರಿಯಲ್ಲಿ ಎಲ್ಲರೂ ಜಾಗರೂಕರೇ; ತಪ್ಪುಗಳು ಅಡಗಿರುವುದು ಹೆಚ್ಚಾಗಿ ಈ ವಿಫಲತೆಯ ಅಡ್ಡದಾರಿಗಳಲ್ಲಿ.

ಇವು ಕೇವಲ ಕಾಲ್ಪನಿಕ ಭಯಗಳಲ್ಲ. ತನ್ನ ತಂತ್ರಾಂಶಗಳಲ್ಲಿ ವರ್ಷವರ್ಷವೂ ದಾಖಲಾಗುವ ಭದ್ರತಾ ದೋಷಗಳಲ್ಲಿ ನೂರಕ್ಕೆ ಸುಮಾರು 70ರಷ್ಟು ಇಂಥ ಸ್ಮೃತಿಸಂಬಂಧಿ ದೋಷಗಳೆಂದು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ಪ್ರಕಟಿಸಿತು. ಮರುವರ್ಷ ಕ್ರೋಮಿಯಂ ಯೋಜನೆಯವರು ತಮ್ಮ ಗಂಭೀರ ದೋಷಗಳ ಲೆಕ್ಕ ತೆಗೆದಾಗಲೂ ಸರಿಸುಮಾರು ಅದೇ ಪ್ರಮಾಣ ಬಂತು. ಬೇರೆ ಬೇರೆ ಎರಡು ಸಂಸ್ಥೆಗಳ ಲೆಕ್ಕ ಹೀಗೆ ತಾಳೆಯಾದರೆ ದೋಷ ಗುಮಾಸ್ತನದಲ್ಲ, ಪದ್ಧತಿಯದು ಎಂದೇ ಯಾವ ಲೆಕ್ಕಪರಿಶೋಧಕನೂ ಹೇಳಿಯಾನು.

ರಸ್ಟ್ ಭಾಷೆಯ ಹುಟ್ಟಿಗೆ ಒಂದು ಸಾಮಾನ್ಯ ಕಾರಣವನ್ನು ಹೇಳುವುದುಂಟು. ಮೊಜಿಲ್ಲಾ ಸಂಸ್ಥೆಯ ಗ್ರೇಡನ್ ಹೋರ್ 2006ರಲ್ಲಿ ಒಂದು ದಿನ ಕೆನಡಾದ ವ್ಯಾಂಕೂವರ್ ನಗರದ ತನ್ನ ಮನೆಗೆ ಬಂದಾಗ, ಲಿಫ್ಟಿನ ತಂತ್ರಾಂಶ ಕುಸಿದು ಅದು ನಿಂತಿತ್ತು. ಅವನ ಮನೆಯಿದ್ದುದು 21ನೆಯ ಅಂತಸ್ತಿನಲ್ಲಿ. ಮೆಟ್ಟಿಲು ಹತ್ತಿದ ಆಯಾಸದಿಂದಲೇ ಹೊಸ ಭಾಷೆಯ ಯೋಚನೆ ಹುಟ್ಟಿತಂತೆ. ಮೊಜಿಲ್ಲಾದ ಆಶ್ರಯ ಪಡೆದ ಆ ಭಾಷೆಯ ಪ್ರಥಮ ಸ್ಥಿರ ಆವೃತ್ತಿ 2015ರ ಮೇ 15ರಂದು ಹೊರಬಂತು. ಅದರ ಮೂಲತತ್ತ್ವವನ್ನು ಖಾತೆಪುಸ್ತಕದ ದೃಷ್ಟಾಂತದಿಂದ ಹೇಳಬಹುದು. ಪ್ರತಿಯೊಂದು ವಸ್ತುವಿಗೂ ಒಬ್ಬನೇ ಒಡೆಯ. ಒಡೆಯನ ಅವಧಿ ತೀರಿದಾಗ ವಸ್ತು ತಾನಾಗಿಯೇ ಬಿಡುಗಡೆಯಾಗುತ್ತದೆ. ಒಡೆಯನು ಅದನ್ನು ಇತರರಿಗೆ ಎರವಲು ಕೊಡಬಹುದು. ಆದರೆ ಎರವಲು ಪಡೆದವನು ಒಡೆಯನ ಅವಧಿಯನ್ನು ಮೀರಿ ಅದನ್ನು ಇಟ್ಟುಕೊಳ್ಳುವಂತಿಲ್ಲ. ಪುಸ್ತಕವನ್ನು ಏಕಕಾಲಕ್ಕೆ ಹಲವರು ಓದಬಹುದು, ಇಲ್ಲವೆ ಒಬ್ಬನು ತಿದ್ದಬಹುದು. ಎರಡೂ ಒಟ್ಟಿಗೆ ಸಲ್ಲದು. ಈ ನಿಯಮಗಳ ಪಾಲನೆಯನ್ನು ಯಂತ್ರ ಓಡುವಾಗ ಪರೀಕ್ಷಿಸುವುದಿಲ್ಲ. ಮೂಲಪಾಠವನ್ನು ಯಂತ್ರಭಾಷೆಗೆ ಇಳಿಸುವ ‘ಕಂಪೈಲರ್’ ಮೊದಲೇ ಪರೀಕ್ಷಿಸಿ, ತಪ್ಪಿದ್ದರೆ ಮುಂದುವರಿಯಲು ಒಪ್ಪುವುದೇ ಇಲ್ಲ. ಪುಟದ ಅಂಚನ್ನು ದಾಟಿ ಓದುವ ಪ್ರಮಾದವೊಂದನ್ನು ಮಾತ್ರ ಓಡುವಾಗಲೂ ಅಳೆದು ತಡೆಯಬೇಕಾಗುತ್ತದೆ.

ಲಿನಕ್ಸಿನಲ್ಲಿ ಈ ಭಾಷೆಗೆ ಎಡೆ ದೊರಕಿಸಲು ಸ್ಪೇನಿನ ಮಿಗೆಲ್ ಓಹೆದಾ ಮುಂತಾದವರು ಹಲವು ವರ್ಷ ದುಡಿದರು. 2022ರ ಡಿಸೆಂಬರಿನಲ್ಲಿ ಹೊರಬಂದ 6.1ನೆಯ ಆವೃತ್ತಿಯಲ್ಲಿ ಪ್ರಯೋಗವೆಂಬ ಹೆಸರಿನಿಂದ ಅದಕ್ಕೆ ಪ್ರವೇಶ ಸಿಕ್ಕಿತು. ಆದರೆ ಕರ್ನೆಲಿನ ಲಕ್ಷಾಂತರ ಸಾಲುಗಳು ಸಿ ಭಾಷೆಯವೇ ಆಗಿದ್ದು, ಅವನ್ನೆಲ್ಲ ಹೊಸದಾಗಿ ಬರೆಯುವ ಮಾತೇ ಇರಲಿಲ್ಲ. ಆದುದರಿಂದ ಹಳೆಯದನ್ನು ಹಾಗೆಯೇ ಉಳಿಸಿ, ಅದರ ಮೇಲೊಂದು ಹೊದಿಕೆ ತೊಡಿಸುವ ಉಪಾಯವನ್ನು ಕೈಗೊಂಡರು. ಫರ್ಮ್‌ವೇರ್ ಸಾಗಣೆಯ ಹೊದಿಕೆಗಾಗಿ 2024ರ ಏಪ್ರಿಲಿನಲ್ಲಿ ಜಪಾನಿನ ಫುಜಿತಾ ತೊಮೊನೊರಿ ಒಂದು ಪ್ರಯತ್ನ ಮಾಡಿದನು. ಜೂನ್ ತಿಂಗಳಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಡಾನಿಲೊ ಕ್ರುಮ್‌ರಿಖ್ ಸರ್ವರಿಗೂ ಒದಗುವಂಥ ಪಾಠವನ್ನು ಮಂಡಿಸಿದನು. ಅದು ಸೆಪ್ಟೆಂಬರ್ 15ರಂದು ಹೊರಬಂದ 6.11ನೆಯ ಆವೃತ್ತಿಯನ್ನು ಸೇರಿತು. (ಅದೇ ಸೆಪ್ಟೆಂಬರಿನ 2ರಂದು ಮೈಸೂರಿನ ಕೇನ್ಸ್ ಸಂಸ್ಥೆ ಅಹಮದಾಬಾದಿನ ನೆರೆಯ ಸಾಣಂದದಲ್ಲಿ ದಿನಕ್ಕೆ 60 ಲಕ್ಷ ಚಿಪ್ಪುಗಳ ಕಾರ್ಖಾನೆಯನ್ನು ಸ್ಥಾಪಿಸಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಾದರೂ ಇಲ್ಲಿಯ ಕನ್ನಡಿಗರಿಗೆ ಆ ತಿಂಗಳು ನೆನಪಿಡತಕ್ಕದ್ದು.)

ಹೊದಿಕೆ ಎಂದೊಡನೆ ಭಾರಿ ಗ್ರಂಥವನ್ನು ಊಹಿಸಬೇಕಾಗಿಲ್ಲ. ಅದು ನೂರರ ಆಸುಪಾಸಿನ ಸಾಲುಗಳ ಕಡತ. ಸಿ ಭಾಷೆಯ ವಿಳಾಸವೊಂದನ್ನು ‘ಫರ್ಮ್‌ವೇರ್’ ಎಂಬ ಹೆಸರಿನ ಪೆಟ್ಟಿಗೆಯಲ್ಲಿ ಇಟ್ಟು, ಪೆಟ್ಟಿಗೆಯ ಒಡೆತನವೇ ಕಡತದ ಒಡೆತನವೆಂದು ಅದು ಸಾರುತ್ತದೆ. ಕೇಳಿಕೆಗೆ ಎರಡು ಬಗೆಗಳುಂಟು: ಕಡತ ಸಿಗದಿದ್ದರೆ ದೂರು ದಾಖಲಿಸುವುದೊಂದು, ಮೌನವಾಗಿ ಹಿಂದಿರುಗುವುದೊಂದು. ಕಡತ ಸಿಕ್ಕರೆ ಪೆಟ್ಟಿಗೆ ಕೈಗೆ ಬರುತ್ತದೆ, ಸಿಗದಿದ್ದರೆ ದೋಷದ ಸಂಖ್ಯೆ ಬರುತ್ತದೆ. ಸಿಗದ ಕಡತವನ್ನು ಸಿಕ್ಕಿತೆಂದು ಭ್ರಮಿಸುವ ದಾರಿಯೇ ಇಲ್ಲ. ಒಳಗಿನ ದ್ರವ್ಯವನ್ನು ಎರವಲಾಗಿ ಮಾತ್ರ ತೋರಿಸುತ್ತದೆ, ಅದೂ ಅದರ ಉದ್ದದ ಸಮೇತ. ಪೆಟ್ಟಿಗೆ ಹೋದ ಮೇಲೆ ಎರವಲನ್ನು ಉಳಿಸಿಕೊಳ್ಳಲು ಯತ್ನಿಸಿದ ಪಾಠವನ್ನು ಕಂಪೈಲರ್ ತಿರಸ್ಕರಿಸುತ್ತದೆ. ಪೆಟ್ಟಿಗೆಯ ಅವಧಿ ತೀರಿದೊಡನೆ, ಮಾಮೂಲಿನ ದಾರಿಯಲ್ಲಾಗಲಿ ವಿಫಲತೆಯ ಅಡ್ಡದಾರಿಯಲ್ಲಾಗಲಿ, ಸಾಯಿಂಜ್ ಬರೆದ ಪದ್ಧತಿಯ ಆ ಹಳೆಯ ಬಿಡುಗಡೆಯ ಆದೇಶ ತಾನಾಗಿಯೇ, ಒಂದೇ ಸಲ ನಡೆಯುತ್ತದೆ. ನಾಲ್ಕು ಪ್ರಮಾದಗಳಿಗೂ ಹೀಗೆ ಪರಿಹಾರ.

ಎಲ್ಲಕ್ಕಿಂತ ವಿಚಾರಾರ್ಹವಾದದ್ದು ಬೇರೊಂದಿದೆ. ರಸ್ಟಿನ ನಿಯಮಗಳು ಸಿ ಭಾಷೆಯ ಗಡಿಯನ್ನು ದಾಟಿ ನೋಡಲಾರವು. ಗಡಿಯನ್ನು ಮುಟ್ಟುವ ಸಾಲುಗಳನ್ನು ‘ಅಸುರಕ್ಷಿತ’ ಎಂಬ ಗುರುತಿನೊಳಗೆ ಇಡಬೇಕು. ಪ್ರತಿಯೊಂದರ ಮೇಲೂ ಇದು ಏಕೆ ನಿರಪಾಯವೆಂಬುದನ್ನು ಬರೆಯುವವನು ಸಾಮಾನ್ಯ ಮಾತಿನಲ್ಲಿ ನಮೂದಿಸಬೇಕು. ಈ ನಮೂದನ್ನು ಕಂಪೈಲರ್ ಓದುವುದಿಲ್ಲ, ಮನುಷ್ಯರು ಓದುತ್ತಾರೆ. ತಿಜೋರಿಯ ವಹಿಯಲ್ಲಿ ಎರಡನೆಯ ಅಧಿಕಾರಿ ಹಾಕುವ ಸಹಿಯಂತೆ ಅದು ಹೊಣೆಯನ್ನು ಒಬ್ಬನ ಹೆಸರಿಗೆ ಕಟ್ಟುತ್ತದೆ. ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬ ಚಾಲಕನ ಲೇಖಕನೂ ಪ್ರತಿ ಸಾಲಿನಲ್ಲಿಯೂ ಎಚ್ಚರವಾಗಿರಬೇಕಾಗಿತ್ತು. ಹೊಸದರಲ್ಲಿ ಆ ಎಚ್ಚರವನ್ನು ಕೆಲವೇ ಸಾಲುಗಳಿಗೆ ಒತ್ತಟ್ಟು ಮಾಡಲಾಗಿದೆ. ರಸ್ಟ್ ಅಪಾಯವನ್ನು ಅಳಿಸಿತೆಂದು ಹೊಗಳುವವರೂ, ಅಸುರಕ್ಷಿತ ಸಾಲುಗಳು ಉಳಿದೇ ಇವೆಯಲ್ಲ ಎಂದು ಹಳಿಯುವವರೂ ಈ ಅಂಶವನ್ನು ಸಮನಾಗಿ ಮರೆಯುತ್ತಾರೆ.

ಹೊದಿಕೆಯ ಚರಿತ್ರೆಯಲ್ಲಿ ಸಣ್ಣಪುಟ್ಟ ತಿದ್ದುಪಡಿಗಳೂ ಇವೆ. ಬಳಕೆಯನ್ನು ತೋರಿಸಲು ಕೊಟ್ಟ ಉದಾಹರಣೆಗಳು ನಿಜವಾದ ಉಪಕರಣವೂ ಕಡತವೂ ಇಲ್ಲದೆ ಓಡಿದರೆ ಅನರ್ಥವಾಗುವುದನ್ನು ಕಂಡು, ಅವನ್ನು ಕಂಪೈಲ್ ಮಾತ್ರ ಮಾಡಬೇಕು, ಓಡಿಸಬಾರದು ಎಂದು ಗುರುತು ಮಾಡಲಾಯಿತು. ಸಿ ಭಾಷೆಯ ಅಕ್ಷರಪ್ರಕಾರವನ್ನು ರಸ್ಟಿನಲ್ಲಿ ಬೇರೊಂದು ಪ್ರಕಾರದಿಂದ ಸೂಚಿಸಿದ್ದುದನ್ನು 2025ರಲ್ಲಿ ಸರಿಪಡಿಸಲಾಯಿತು. ಗಡಿಯಲ್ಲಿ ಇಂಥ ಭಾಷಾಂತರದ ಎಡವಟ್ಟುಗಳು ಸಹಜ. ಕಾಸರಗೋಡಿನ ಹಳೆಯ ದಸ್ತಾವೇಜುಗಳನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಹೊದಿಕೆಯ ಆರಂಭದ ಬಳಕೆಗಳಲ್ಲಿ ಒಂದನ್ನು ವಿವರವಾಗಿ ನೋಡಬಹುದು. 2024ರ ನವೆಂಬರಿನ 6.12ನೆಯ ಆವೃತ್ತಿಯಲ್ಲಿ ಫುಜಿತಾ ರಸ್ಟ್ ಭಾಷೆಯಲ್ಲಿ ಬರೆದ ಕ್ಯೂಟಿ2025 ಎಂಬ ಜಾಲಚಿಪ್ಪಿನ ಚಾಲಕ ಸೇರಿತು. ಸೆಕೆಂಡಿಗೆ ಹತ್ತು ಗಿಗಾಬಿಟ್ ವೇಗದ ಜಾಲಕ್ಕೆ ಒದಗುವ ಆ ಚಿಪ್ಪಿನೊಳಗೆ ಇಂಟೆಲ್ ಸಂಸ್ಥೆ 1980ರಲ್ಲಿ ಹೊರತಂದ 8051 ಬಗೆಯ ಚಿಕ್ಕ ನಿಯಂತ್ರಕವಿದೆ. ಅದರ ಆದೇಶಗಳಿಗೆ ಇರುವ ಜಾಗ 24 ಕಿಲೋಬೈಟ್. ಅದೂ ಒಂದೇ ಕಡೆ ಇಲ್ಲ, ಮೊದಲ 16 ಒಂದು ವಿಭಾಗದಲ್ಲಿ, ಉಳಿದ 8 ಇನ್ನೊಂದರಲ್ಲಿ. ಚಾಲಕನು ಕಡತವನ್ನು ತರಿಸಿಕೊಂಡು ಮೊದಲು ಅದರ ಉದ್ದವನ್ನು ಅಳೆಯುತ್ತಾನೆ. 24 ಕಿಲೋಬೈಟ್ ಮೀರಿದ್ದರೆ ಕಡತ ತೀರ ದೊಡ್ಡದೆಂದು ಹಿಂದಿರುಗುತ್ತಾನೆ. ಸರಿಯಿದ್ದರೆ ಒಂದೊಂದು ಬೈಟನ್ನೂ ಕ್ರಮವಾಗಿ ಇಳಿಸುತ್ತ, ಹದಿನಾರು ಕಿಲೋಬೈಟ್ ತುಂಬಿದೊಡನೆ ಎರಡನೆಯ ವಿಭಾಗದ ಆದಿಗೆ ಸರಿಯುತ್ತಾನೆ. ನಡುವೆ ಒಂದೇ ಒಂದು ಬರೆವಣಿಗೆ ವಿಫಲವಾದರೂ ಕೆಲಸ ನಿಲ್ಲುತ್ತದೆ, ಕಡತ ತಾನಾಗಿ ಬಿಡುಗಡೆಯಾಗುತ್ತದೆ; ಇದಕ್ಕಾಗಿ ಚಾಲಕದಲ್ಲಿ ಒಂದು ಸಾಲನ್ನೂ ಬರೆದಿಲ್ಲ. ಆದರೆ 24 ಕಿಲೋಬೈಟಿನ ಮಿತಿಯನ್ನು ಮಾತ್ರ ಭಾಷೆ ತಾನಾಗಿ ಅರಿಯದು. ತನ್ನ ಸ್ಮೃತಿಕೋಶದ ಗಡಿಯನ್ನು ಅದು ಕಾಯುತ್ತದೆ. ಆಚೆಯ ಚಿಪ್ಪಿನ ಗಡಿಯನ್ನು ಲೇಖಕನೇ ಕಾಯಬೇಕು.

ಈ ಕಾರ್ಯವೆಲ್ಲ ನಿರ್ವಿವಾದವಾಗಿ ನಡೆಯಲಿಲ್ಲ. 2024ರ ಆಗಸ್ಟಿನಲ್ಲಿ, ರಸ್ಟ್ ಯೋಜನೆಯ ಮುಖ್ಯರಲ್ಲೊಬ್ಬನಾದ ವೆಡ್ಸನ್ ಅಲ್ಮೇಡಾ ಫಿಲ್ಹೊ ತಂತ್ರೇತರ ಕಲಹಗಳಿಂದ ಬೇಸತ್ತು ಹೊರನಡೆದನು. 2025ರ ಆದಿಯಲ್ಲಿ ಉಪಕರಣಗಳು ಸ್ಮೃತಿಕೋಶವನ್ನು ನೇರವಾಗಿ ಬಳಸುವ ವಿಭಾಗಕ್ಕೆ ಇಂಥದೇ ಹೊದಿಕೆ ತೊಡಿಸಹೊರಟಾಗ, ಅದರ ಪಾಲಕ ಕ್ರಿಸ್ಟೋಫ್ ಹೆಲ್ವಿಗ್ ಬಲವಾಗಿ ವಿರೋಧಿಸಿದನು. ಎರಡು ಭಾಷೆಗಳ ಮಿಶ್ರಣದಿಂದ ಕರ್ನೆಲಿನ ಪಾಲನೆಯೇ ದುಸ್ಸಾಧ್ಯವಾಗುವುದೆಂಬುದು ಅವನ ವಾದ. ಇದನ್ನು ಬರಿಯ ಮತ್ಸರವೆಂದು ಎಣಿಸುವುದು ಅನ್ಯಾಯ. ಕೆಳಗಿನ ಸಿ ಪಾಠವನ್ನು ಬದಲಾಯಿಸಿದಾಗಲೆಲ್ಲ ಮೇಲಿನ ಹೊದಿಕೆಯನ್ನು ಹೊಂದಿಸುವ ಹೊರೆ ಯಾರದೆಂಬ ನಿಜವಾದ ಪ್ರಶ್ನೆ ಅದರಲ್ಲಿತ್ತು. ರಸ್ಟ್ ಬೇಡವೆನ್ನುವವನಿಗೆ ಅದನ್ನು ಮುಟ್ಟದಿರುವ ಸ್ವಾತಂತ್ರ್ಯವುಂಟು, ಆದರೆ ತನ್ನ ವಿಭಾಗವನ್ನು ರಸ್ಟಿನಿಂದ ಬಳಸುವವರನ್ನು ತಡೆಯುವ ಹಕ್ಕಿಲ್ಲ ಎಂಬರ್ಥದ ತೀರ್ಪನ್ನು ಟೋರ್ವಾಲ್ಡ್ಸ್ ಫೆಬ್ರುವರಿಯಲ್ಲಿ ಕೊಟ್ಟನು. ಫರ್ಮ್‌ವೇರ್ ವಿಭಾಗದಲ್ಲಿ ಆ ಪ್ರಶ್ನೆಗೆ ಹೆಚ್ಚು ನೆಮ್ಮದಿಯ ಉತ್ತರ ದೊರೆತಿತ್ತು. ಅದರ ಪಾಲಕರ ಪಟ್ಟಿಯಲ್ಲಿ ಲೂಯಿಸ್ ಚೇಂಬರ್ಲೇನ್, ರಸ್ ವೇಟ್ ಇವರ ಜೊತೆಗೆ ಕ್ರುಮ್‌ರಿಖ್‌ನ ಹೆಸರೂ ಸೇರಿದೆ. ಎಂದರೆ ಹೊದಿಕೆ ತಂದವನು ಅದನ್ನು ತೊಡಿಸಿ ಹೋಗದೆ, ಕೆಳಗಿನ ಸಿ ಪಾಠದ ಹೊರೆಗೂ ಹೆಗಲು ಕೊಟ್ಟನು. ವಾದಕ್ಕಿಂತ ಇದು ಹೆಚ್ಚು ಮನವೊಲಿಸುವ ರೀತಿ.

2025ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಸೇರಿದ ಪಾಲಕರ ಸಭೆ ರಸ್ಟನ್ನು ಇನ್ನು ಪ್ರಯೋಗವೆಂದು ಕರೆಯಬೇಕಾಗಿಲ್ಲವೆಂದು ನಿಶ್ಚಯಿಸಿತು. ಅದೇ ತಿಂಗಳು, ಕರ್ನೆಲಿನ ರಸ್ಟ್ ಪಾಠದಲ್ಲಿಯೇ ಇದ್ದ ಭದ್ರತಾ ದೋಷವೊಂದಕ್ಕೆ ಮೊತ್ತಮೊದಲ ಸಿ.ವಿ.ಇ. ಸಂಖ್ಯೆಯೂ (2025-68260) ಬಿತ್ತು. ಆಂಡ್ರಾಯ್ಡಿನ ‘ಬೈಂಡರ್’ ಎಂಬ ಭಾಗದ ಆ ದೋಷವಿದ್ದುದು ಅಸುರಕ್ಷಿತವೆಂದು ಗುರುತಾದ ಕಾರ್ಯವೊಂದರಲ್ಲಿ: ಎರಡು ಕೈಗಳು ಏಕಕಾಲಕ್ಕೆ ಒಂದೇ ಪಟ್ಟಿಯನ್ನು ಮುಟ್ಟುವ ಸಂಭವವನ್ನು ಅಲ್ಲಿಯ ಸಮರ್ಥನೆ ಗಣಿಸಿರಲಿಲ್ಲ. ದೋಷ ಎಲ್ಲಿರಬಹುದೆಂದು ಗುರುತು ಹೇಳಿತ್ತೋ ಅಲ್ಲಿಯೇ ಅದು ಸಿಕ್ಕಿತು.

ಇಷ್ಟಾದರೂ ಪೊಟ್ಟಣದ ಒಳಗಿನ ಮಾತು ಬೇರೆಯೇ ಉಳಿಯುತ್ತದೆ. ಹೊದಿಕೆ ಕಾಯುವುದು ಸಾಗಣೆಯನ್ನು. ಒಳಗಿರುವ ಆದೇಶಗಳು ಒಳ್ಳೆಯವೋ ಕೆಟ್ಟವೋ, ಅವುಗಳಲ್ಲಿ ಏನಡಗಿದೆಯೋ ಅದು ಅರಿಯದು. ಇದು ಭಾಷೆಯ ಕೊರತೆಯಲ್ಲ, ತಯಾರಕರು ಮೂಲಪಾಠವನ್ನು ಕೊಡದಿರುವುದರ ಫಲ. ಸ್ವತಂತ್ರ ತಂತ್ರಾಂಶದ ವಿಷಯದಲ್ಲಿ ಅತ್ಯಂತ ನಿಷ್ಠುರವೆನಿಸಿದ ಡೆಬಿಯನ್ ಬಳಗವೂ 2022ರಲ್ಲಿ ಮತ ತೆಗೆದು, ಮೂಲಪಾಠವಿಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಪ್ರತಿಯೊಡನೆ ಕೊಡಲು ಒಪ್ಪಬೇಕಾಯಿತು. ಅದಿಲ್ಲದೆ ಅನೇಕ ಹೊಸ ಯಂತ್ರಗಳಲ್ಲಿ ಅದನ್ನು ಸ್ಥಾಪಿಸುವುದೇ ಕಷ್ಟವಾಗಿತ್ತು.

ಕ್ರುಮ್‌ರಿಖ್ ಈ ಹೊದಿಕೆಯನ್ನು ಹೊಲಿದ ಮುಖ್ಯ ಉದ್ದೇಶವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಎನ್ವಿಡಿಯಾ ಸಂಸ್ಥೆಯ ಚಿತ್ರಫಲಕಗಳಿಗಾಗಿ ‘ನೋವಾ’ ಎಂಬ ಹೊಸ ಚಾಲಕವನ್ನು ರಸ್ಟಿನಲ್ಲಿ ಬರೆಯಲಾಗುತ್ತಿದ್ದು, ಅದರ ತಳಹದಿಯ ಭಾಗ 2025ರ ಮೇ ತಿಂಗಳ 6.15ನೆಯ ಆವೃತ್ತಿಯನ್ನು ಸೇರಿತು. ಆ ಫಲಕಗಳ ಒಳಗೆ ಪ್ರತ್ಯೇಕ ಸಂಸ್ಕಾರಕವೊಂದಿದ್ದು, ಫಲಕದ ಬಹುಪಾಲು ಆಡಳಿತವನ್ನು ಅದೇ ನಡೆಸುತ್ತದೆ. ವ್ಹೀಲರನ ಮೂವತ್ತೊಂದು ಆದೇಶಗಳೆಲ್ಲಿ, ಅದಕ್ಕೆ ಮುಟ್ಟಿಸಬೇಕಾದ ಹತ್ತಾರು ಮೆಗಾಬೈಟುಗಳ ಕಡತವೆಲ್ಲಿ! ಕಡತಕ್ಕೆ ತಯಾರಕರ ಮುದ್ರೆಯಿದೆ. ಆ ಮುದ್ರೆ ಸರಿಯೇ ಎಂಬುದನ್ನು ಫಲಕವೇ ಪರೀಕ್ಷಿಸಿಕೊಳ್ಳುತ್ತದೆ, ಕರ್ನೆಲ್ ಪರೀಕ್ಷಿಸುವುದಿಲ್ಲ. ಕರ್ನೆಲ್ ಅದನ್ನು ಭಂಡಾರದಿಂದ ತೆಗೆದು, ಉದ್ದ ಅಳೆದು, ಫಲಕದ ಬಾಗಿಲಿಗೆ ಮುಟ್ಟಿಸಿ, ತನ್ನ ವಹಿಯಲ್ಲಿ ಬಿಡುಗಡೆಯೆಂದು ಬರೆದುಕೊಳ್ಳುತ್ತದೆ.